ಚೆನ್ನಾಜಿ ಸುತ್ತಿದ ಕೆರೆ

ಒಂದಾನೊಂದು ಕಾಲದಲ್ಲಿ, ಬೆಟ್ಟಕ್ಕೆ ದಾರಿ ಅನ್ನೋದೇ ಇಲ್ಲದಿದ್ದ ಕಾಲದಲ್ಲಿ, ಗುಡ್ಡಗಳ ನಡುವೆ ಎತ್ತರದಲ್ಲಿ ಒಂದು ಕೆರೆ ಇತ್ತಂತೆ. ಯಾರೂ ಕಟ್ಟಿಸಿದ್ದಲ್ಲ, ತಾನಾಗಿ ಆದದ್ದು. ಬೆಟ್ಟದ ಕೆಳಗೆ ಒಂದು ಹಟ್ಟಿ. ಹಟ್ಟಿಯಲ್ಲಿ ಯಾರಾದರೂ ಸತ್ತರೆ ಅವರ ಜೀವ ನೇರ ಹೋಗ್ತಿರಲಿಲ್ಲವಂತೆ, ಆ ಕೆರೆ ದಂಡೆಗೆ ಹೋಗಿ ಕೂತಿರುತ್ತಿತ್ತಂತೆ. ಸತ್ತವರಿಗೆ ಯಾರು ಹತ್ತಿರದವರೋ ಅವರು ಬೆಟ್ಟ ಹತ್ತಿ, ನೀರು ಎಡಗೈ ಕಡೆಗೆ ಇರೋ ಹಾಗೆ ಕೆರೆಯನ್ನು ಒಂದು ಸುತ್ತು ಸುತ್ತಿ, ಒಂದು ಹಿಡಿ ಹುರಿಹಿಟ್ಟು ನೀರಿಗೆ ಹಾಕಿ, ಹೆಸರು ಕೂಗಿ, ಇನ್ನು ಹೋಗು ಅಂತ ಹೇಳಬೇಕು. ಆಮೇಲೇ ಜೀವ ಏಳೋದು. ಅಲ್ಲಿವರೆಗೂ ಚಳಿಯಲ್ಲಿ, ಗಾಳಿಯಲ್ಲಿ, ಅಲ್ಲೇ ಕೂತಿರೋದು.

ಆ ಹಟ್ಟಿಯಲ್ಲಿ ಚೆನ್ನಾಜಿ ಅಂತ ಒಬ್ಬಳಿದ್ದಳಂತೆ. ಚಿಕ್ಕವಳಿದ್ದಾಗ ಜ್ವರ ಬಂದು ಎರಡು ಕಾಲೂ ಒಣಗಿಹೋಗಿದ್ದವು. ಅಂಗೈ ನೆಲಕ್ಕೂರಿ, ಸೊಂಟ ಎಳೆದುಕೊಂಡು ಓಡಾಡುತ್ತಿದ್ದಳು. ಆದರೂ ಮದುವೆಯಾಯಿತು, ಒಂದು ಹೆಣ್ಣುಕೂಸೂ ಆಯಿತು. ಗಂಡನನ್ನು ಹುಲಿ ಹಿಡಿಯಿತು. ಅವನಿಗೆ ಅವನ ತಾಯಿ ಕೆರೆ ಸುತ್ತಿ ಬಂದಳು, ಆಮೇಲೆ ಅವಳೂ ಹೋದಳು. ಉಳಿದದ್ದು ಕೂಸು ಬೆಳ್ಳಿ. ಅದಕ್ಕೆ ಐದು ತುಂಬಿತ್ತು, ಅಷ್ಟರಲ್ಲಿ ಅಮ್ಮ ಎದ್ದು ಅದನ್ನೂ ಕರೆದುಕೊಂಡಳಂತೆ. ಯಾವಮ್ಮ ಅಂತೀಯಾ? ಸಿಡುಬು, ಮಗಾ. ಆಗೆಲ್ಲ ಹಾಗೇ ಅನ್ನೋದು.

ಕೂಸಿಗೆ ಹೆತ್ತವಳೇ ಸುತ್ತಬೇಕು. ಚೆನ್ನಾಜಿಗೆ ಮೂವರು ಒಡಹುಟ್ಟಿದವರು. ದೊಡ್ಡಣ್ಣ ಜಡೆಯ, ಚಿಕ್ಕಣ್ಣ ಮಾರ, ಕೊನೆಯವನು ತಮ್ಮ ಕೇತ. ಮೂವರೂ ಬಂದು, ಬಾ ಹೊತ್ತುಕೊಂಡು ಹೋಗ್ತೀವಿ ಅಂದರು. ಹಟ್ಟಿಯ ಹಿರಿಯರು ಆಗಲ್ಲ ಅಂದುಬಿಟ್ಟರು. ಹೊತ್ತುಕೊಂಡು ಹೋದರೆ ಅದು ಹೊತ್ತವನ ಸುತ್ತು, ಕೂತವಳ ಸುತ್ತಲ್ಲ, ಕೂಸು ಏಳಲ್ಲ ಅಂದರಂತೆ.

ಚೆನ್ನಾಜಿ ಊಟ ಬಿಟ್ಟಳು. ತುತ್ತು ಎತ್ತಿದರೆ, ಅಲ್ಲಿ ನನ್ನ ಕೂಸು ಒದ್ದೆಯಲ್ಲಿ ಕೂತಿದೆ, ಕಂಬಳಿ ಹೊದೆಸೋರು ಯಾರು ಅನ್ನೋಳು.

ಆಗ ಜಡೆಯ, ದಾರಿ ಮಾಡಿದರಾಯಿತಲ್ಲ, ಅಳು ಯಾಕೆ ಅಂದ. ಅವನು ಮಾತಾಡೋದೇ ಅಷ್ಟು. ಆ ಕಡೆಯವರು ದಾರಿ ಮಾಡೋದು ಹೇಗೆ ಗೊತ್ತಾ? ಒಂದು ಪ್ರಾಣಿಯನ್ನು ಬೆಟ್ಟಕ್ಕೆ ಬಿಟ್ಟು, ಅದು ಹೋದ ಜಾಡಲ್ಲೇ ಹಾರೆ ಹಾಕಿಕೊಂಡು ಹೋಗೋದು. ಜಡೆಯ ಒಂದು ಮೇಕೆ ಬಿಟ್ಟ. ಮೇಕೆ ಬಂಡೆಯಿಂದ ಬಂಡೆಗೆ ಹಾರಿತು, ಇವನು ಹಿಂದೆಯೇ ಮೆಟ್ಟಿಲು ಕಡಿದ. ಮೇಲೆ ಹೋಗಿ, ಕೆರೆ ಸುತ್ತಿ, ಕೆಳಗೆ ಬಂದು, ಏಳು ಚೆನ್ನಾಜಿ, ಆಯ್ತು ದಾರಿ ಅಂದ. ಚೆನ್ನಾಜಿ ಹಿಟ್ಟಿನ ಗಂಟು ಕಟ್ಟಿಕೊಂಡು ಹೊರಟಳು. ಮೊದಲ ಬಂಡೆಗೇ ಅಂಗೈ ಸುಲಿಯಿತು. ಎರಡನೆಯದರಿಂದ ಜಾರಿ ಉರುಳಿದಳು. ಇಷ್ಟೂ ಆಗಲ್ವೇನೆ ನಿಂಗೆ ಅಂತ ಜಡೆಯ ರೇಗಿದ. ರೇಗಿ, ಹೋಗಿ ಅತ್ತ ಕಡೆ ಮುಖ ಮಾಡಿಕೊಂಡು ನಿಂತುಬಿಟ್ಟನಂತೆ.

ಆಮೇಲೆ ಮಾರ. ಅಣ್ಣಂಗೆ ಬುದ್ಧಿ ಇಲ್ಲ, ಮೇಕೆ ದಾರಿಯಲ್ಲಿ ಮೇಕೆಯೇ ಹೋಗಬೇಕು ಅಂದು, ಒಂದು ಎತ್ತಿನ ಬೆನ್ನಿಗೆ ಉಪ್ಪಿನ ಮೂಟೆ ಹೇರಿ ಬೆಟ್ಟಕ್ಕೆ ಬಿಟ್ಟನಂತೆ. ಹೊರೆ ಹೊತ್ತ ಎತ್ತು ಕಡಿದಾದ್ದು ಹತ್ತಲ್ಲ, ಬಳಸಿ ಬಳಸಿ ಹೋಗುತ್ತೆ. ಮಾರನ ದಾರಿ ಅಗಲವಾಯಿತು, ಉದ್ದವಾಯಿತು. ಮುದುಕರೂ ಕೋಲೂರಿಕೊಂಡು ಹೋಗೋ ಹಾಗಾಯಿತು. ಚೆನ್ನಾಜಿ ಆ ದಾರಿಯಲ್ಲಿ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಕೆರೆ ಕಾಣೋವರೆಗೂ ಹೋದಳಂತೆ. ಅಲ್ಲೊಂದು ಹಳ್ಳ. ಎತ್ತು ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟಿತ್ತು. ಇವಳು ಏನಿಡಬೇಕು? ಕೈ ಹಾಕಿದರೆ ನೀರು ಎಳೆಯುತ್ತಿತ್ತು. ಅಲ್ಲೇ ಕೂತು ನೋಡಿದಳು. ಆಚೆ ದಂಡೆಯಲ್ಲಿ ಮೊಣಕಾಲಿಗೆ ಮುಖ ಇಟ್ಟುಕೊಂಡು ಏನೋ ಸಣ್ಣದು ಕೂತಹಾಗೆ ಕಂಡಿತಂತೆ. ಕಲ್ಲಿತ್ತೋ, ಕೂಸಿತ್ತೋ. ಬೆಳ್ಳೀ ಅಂತ ಕೂಗಿದಳು. ಸುತ್ತದೆ ಕೂಗಿದರೆ ಕೇಳಲ್ಲ. ಅದು ತಲೆ ಎತ್ತಲಿಲ್ಲ.

ಅಲ್ಲಿಂದ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಆಮೇಲೆ ಕೇತ, ನಾನೊಂದು ದಾರಿ ಮಾಡ್ತೀನಿ ಅಂದ. ಅಣ್ಣಂದಿರಿಬ್ಬರೂ ನಕ್ಕರು. ಮೇಕೆ ಆಯ್ತು, ಎತ್ತಾಯ್ತು, ನೀನೇನು ಬಿಡ್ತೀಯೋ, ಆಮೆಯಾ ಅಂದ ಮಾರ. ಕೇತ ಬೆಟ್ಟದ ಬುಡಕ್ಕೆ ಹೋಗಿ, ಅಕ್ಕಾ, ನೀನು ಮುಂದೆ ಹೋಗು, ನಾನು ಹಾರೆ ಹಿಡಿದು ಹಿಂದೆ ಬರ್ತೀನಿ ಅಂದನಂತೆ. ಚೆನ್ನಾಜಿಗೆ ಸಿಟ್ಟು ಬಂತು. ನಾನೇನು ದನವೇನೋ? ಅಲ್ಲಕ್ಕಾ, ಆದರೆ ಎಲ್ಲಿ ಕೈ ಜಾರುತ್ತೆ, ಎಲ್ಲಿ ಚುಚ್ಚುತ್ತೆ ಅಂತ ನನಗೇನು ಗೊತ್ತು, ನನಗೆ ಕಾಲಿದೆಯಲ್ಲ ಅಂದ. ಅವಳು ಅವನ ಮುಖ ನೋಡಿದಳು. ಆಮೇಲೆ ಅಂಗೈ ನೆಲಕ್ಕೂರಿದಳು.

ಹೀಗೆ ಶುರುವಾಯಿತಂತೆ. ಅವಳು ಒಂದು ಮಾರು ತೆವಳೋದು, ಇಲ್ಲಿ ಹರಳು ಅನ್ನೋದು. ಅವನು ಹರಳು ಆರಿಸಿ ಮಣ್ಣು ಹಾಕಿ ದಿಮ್ಮಿಯಿಂದ ಬಡಿಯೋದು. ಇಲ್ಲಿ ಇಳಿಜಾರು ಅನ್ನೋದು, ಅವನು ಕಡಿಯೋದು. ಎಲ್ಲಿ ಅವಳಿಗೆ ಏದುಸಿರು ಬಂತೋ ಅಲ್ಲಿ ಒರಗೋದಕ್ಕೆ ಒಂದು ಕಲ್ಲು ನೆಡೋದು. ಹಳ್ಳಕ್ಕೆ ಚಪ್ಪಡಿ ಹಾಸಿದ. ಸಾಲದು ಅಂತ ತನ್ನ ಕಾಲೆರಡನ್ನೂ ಪಂಚೆಯಲ್ಲಿ ಕಟ್ಟಿಕೊಂಡು ತಾನೂ ತೆವಳಿ ನೋಡೋನು. ಹಟ್ಟಿಯವರು, ಆ ಮನೆಯಲ್ಲಿ ತೆವಳೋಳು ಒಬ್ಬಳಿದ್ದಳು, ಈಗ ಇಬ್ಬರಾದರು ಅನ್ನೋರು. ಕೇತ ಕೇಳಿಸಿಕೊಂಡು, ಅಕ್ಕಾ, ನಿನಗಿಂತ ನಾನೇ ಚೆನ್ನಾಗಿ ತೆವಳ್ತೀನಂತೆ ಅಂದು ನಗಿಸೋನು. ಮಳೆಗಾಲ ಬಂದರೆ ಮಾಡಿದ್ದೆಲ್ಲ ಕೊಚ್ಚಿಕೊಂಡು ಹೋಗೋದು. ಮತ್ತೆ ಮೊದಲಿಂದ. ಎಷ್ಟೋ ಮಳೆಗಾಲ ಹಾಗೇ ಹೋಯಿತು. ಚೆನ್ನಾಜಿಯ ತಲೆ ನೆರೆಯಿತು. ಕೇತ ಮದುವೆಯೂ ಆಗಲಿಲ್ಲ.

ದಾರಿ ಬೆಟ್ಟ ಹತ್ತಿತು, ಕೆರೆಯ ಮುಕ್ಕಾಲು ಸುತ್ತಿತು. ಇನ್ನು ಉಳಿದದ್ದು ಒಂದು ಮೂಲೆ. ಅಲ್ಲಿ ಒಂದು ದೊಡ್ಡ ಗುಂಡುಕಲ್ಲು ನೀರಿಗೆ ಮುಖ ಮಾಡಿ ಕೂತಿತ್ತು. ಇದೊಂದು ಸರಿದರೆ ಬೆಳ್ಳಿ ಎದ್ದಳು ಅಂತ ತಿಳಕೋ ಅಕ್ಕಾ ಅಂದ ಕೇತ, ಹಾರೆ ಕೊಟ್ಟು ಮೀಟಿದ. ಗುಂಡು ಅಲ್ಲಾಡಲಿಲ್ಲ. ಕೆಳಗಿನ ಮಗ್ಗುಲಿಗೆ ಹೋಗಿ ಮೀಟಿದ. ಹೋಗಬೇಡ ಕಣೋ ಅಂದಳು ಚೆನ್ನಾಜಿ. ಅಂದು ಬಾಯಿ ಮುಚ್ಚೋದರೊಳಗೆ ಗುಂಡು ಎದ್ದಿತು, ಕೇತನನ್ನು ಕರೆದುಕೊಂಡೇ ನೀರಿಗಿಳಿಯಿತು.

ಅವಳಿಗೆ ಎದ್ದು ಓಡೋದಕ್ಕೆ ಕಾಲಿಲ್ಲ. ತೆವಳಿ ದಂಡೆಗೆ ಬರೋ ಹೊತ್ತಿಗೆ ನೀರು ಸುಮ್ಮನಾಗಿತ್ತು.

ಅವನೇ ಮಾಡಿದ ದಾರಿಯಲ್ಲಿ ಒಬ್ಬಳೇ ಇಳಿದು ಬಂದು ಅಣ್ಣಂದಿರಿಗೆ ಹೇಳಿದಳಂತೆ. ಮಾರ ನೆಲಕ್ಕೆ ಕೂತ. ಆಮೇಲೆ, ನಾವು ಮೇಲೆ ಹೋಗಿ ಕೇತನ ಸುತ್ತು ಸುತ್ತಿ ಬರ್ತೀವಿ ತಂಗೀ, ನೀನು ಇಲ್ಲಿರು ಅಂದ. ಚೆನ್ನಾಜಿ ಬೇಡ ಅಂದಳು. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಹತ್ತಿರದವಳು ನಾನೇ. ಈಗ ಅಲ್ಲಿ ಇಬ್ಬರು ಕೂತಿದ್ದಾರೆ.

ಮಾರನೆಯ ದಿನ ಬೆಳಿಗ್ಗೆ ಅವಳು ಬೆಟ್ಟದ ಬುಡಕ್ಕೆ ಬಂದರೆ ಜಡೆಯ ಹಾರೆ ಹಿಡಿದು ನಿಂತಿದ್ದ, ಮಾರ ಬುಟ್ಟಿ ಹಿಡಿದಿದ್ದ. ಮುಂದೆ ಹೋಗು ಅಂದ ಜಡೆಯ. ಆ ಮೂಲೆ ಬಂದಾಗ ಮುದುಕ ಜಡೆಯ ಯಾರೂ ಹೇಳದೆ ತನ್ನ ಕಾಲು ತಾನೇ ಕಟ್ಟಿಕೊಂಡು ನೆಲಕ್ಕೆ ಬಿದ್ದು ತೆವಳಿ ನೋಡಿದನಂತೆ. ಅವನ ಅಂಗೈಯೂ ಸುಲಿಯಿತು. ಅವಳ ಕಡೆ ನೋಡಲಿಲ್ಲ. ಮಣ್ಣು ತಾ ಅಂದ ಮಾರನಿಗೆ, ಅಷ್ಟೇ.

ದಾರಿ ಕೂಡಿತು. ಚೆನ್ನಾಜಿ ತಲೆಗೆ ನೀರು ಹಾಕಿಕೊಂಡು, ಹಿಟ್ಟಿನ ಎರಡು ಗಂಟು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಅಣ್ಣಂದಿರು ಹಿಂದೆ. ಯಾರೂ ಮುಟ್ಟಲಿಲ್ಲ, ಎತ್ತಲಿಲ್ಲ. ನೀರು ಎಡಕ್ಕೆ. ಸುತ್ತು ಮುಗಿಯೋ ಹೊತ್ತಿಗೆ ಹೊತ್ತು ಗುಡ್ಡದ ಮೇಲೆ ಕೂತಿತ್ತು. ಮೊದಲು ಕೇತನ ಗಂಟು ಬಿಚ್ಚಿದಳು. ಕೇತಾ, ಇನ್ನು ಹೋಗಪ್ಪಾ ಅಂದಳು. ಆಮೇಲೆ ಎರಡನೆಯದು. ಅದನ್ನು ಬಿಚ್ಚೋದಕ್ಕೆ ಕೈ ಬರಲೇ ಇಲ್ಲವಂತೆ. ಇಷ್ಟು ವರ್ಷ ಇದಕ್ಕೇ ತೆವಳಿದವಳು ಅಲ್ಲಿ ಬಂದು ಗಂಟನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟಳು. ಕಳಿಸಿದರೆ ಆಮೇಲೆ ನನಗೇನಿದೆ ಅಣ್ಣಾ ಅಂದಳು.

ಜಡೆಯ, ಅದಕ್ಕೆ ಚಳಿ ಆಗ್ತಿದೆ ಕಣೇ ಅಂದ.

ಆಗ ಬಿಚ್ಚಿದಳಂತೆ. ಬೆಳ್ಳೀ, ಹೋಗು ನನ್ನವ್ವಾ ಅಂದಳು. ಹಿಟ್ಟು ನೀರಲ್ಲಿ ಹರಡಿತು. ಏನೂ ಆಗಲಿಲ್ಲ. ಗಾಳಿಯೂ ಬೀಸಲಿಲ್ಲ.

ಹೋದಳಾ ಅಂತ ಕೇಳಿದಳು ಚೆನ್ನಾಜಿ.

ಹೋದಳು ಅಂದ ಜಡೆಯ.

ನೀನು ನೋಡಿದೆಯಾ?

ನೋಡಿದೆ. ಕೇತನ ಕೈ ಹಿಡಕೊಂಡು ಹೋದಳು.

ಹುಟ್ಟಿದಾಗಿನಿಂದ ಸುಳ್ಳು ಹೇಳದವನು ಅವನು. ಅದಕ್ಕೇ ಅವಳು ನಂಬಿದಳು. ಅವತ್ತು ಮನೆಗೆ ಬಂದು ಹೊಟ್ಟೆ ತುಂಬ ಉಂಡಳಂತೆ.

ಆಮೇಲೇನು, ಮಗಾ. ಮೂರು ದಾರಿಯೂ ಉಳಿದವು. ಗಟ್ಟಿ ಕಾಲಿನವರು ಮೇಕೆ ದಾರಿ ಹಿಡಿಯೋರು, ಹೊರೆ ಹೊತ್ತವರು, ವಯಸ್ಸಾದವರು ಎತ್ತಿನ ದಾರಿ ಹಿಡಿಯೋರು. ಬಸುರಿಯರು, ಕುರುಡರು, ಕುಂಟರು ಕೇತನ ದಾರಿಯಲ್ಲಿ ಹೋಗೋರು. ಆದರೆ ಮನೆಯಲ್ಲಿ ಸಾವಾದವರು, ಎಂಥ ಗಟ್ಟಿ ಆಳಾದರೂ ಸರಿ, ಕೇತನ ದಾರಿಯಲ್ಲೇ ಹೋಗೋರಂತೆ. ಚೆನ್ನಾಜಿ ಅಲ್ಲೇ ಒರಗುಗಲ್ಲಿನ ಹತ್ತಿರ ಗುಡಿಸಲು ಹಾಕಿಕೊಂಡು, ಬಂದವರಿಗೆ ನೀರು ಕೊಟ್ಟುಕೊಂಡು, ಮಳೆ ಕೊಚ್ಚಿದ ಕಡೆ ಅಣ್ಣಂದಿರ ಕೈಲಿ ಮಣ್ಣು ಹಾಕಿಸಿಕೊಂಡು ಬಹಳ ಕಾಲ ಬದುಕಿದಳಂತೆ. ಅವಳು ಹೋದಾಗ ಯಾರು ಸುತ್ತಿದರು ಅಂತೀಯಾ? ಹಟ್ಟಿಗೆ ಹಟ್ಟಿಯೇ ಸುತ್ತಿತಂತೆ, ತೆವಳಿಕೊಂಡು.

ಅಲ್ಲಿಗೆ ಅವರ ಪಾಡು ಮುಗೀತು, ನನ್ನ ಕತೆಯೂ ಮುಗೀತು. ಕಣ್ಣು ಮುಚ್ಚು.