ಕೆಂಡಗಿರಿ ದೊರೆಯ ಏಸಿ

ಮೂರು ಬೇಸಿಗೆ ಕಳೆದರೂ ಅರಮನೆಯವರು ಏಸಿಯ ಫಿಲ್ಟರ್ ತೊಳೆಯಲಿಲ್ಲ. ಏಸಿ ಕೆಟ್ಟಾಗ ಆ ತಪ್ಪಿಗೆ ಮೆಕ್ಯಾನಿಕ್ ರಾಚಯ್ಯನನ್ನು ಕಳ್ಳನೆಂದು ಹಿಡಿದು ತಗಡಿನ ಕೋಣೆಗೆ ತಳ್ಳಿದರು.

ಕೆಂಡಗಿರಿಯಲ್ಲಿ ಕೊಲ್ಲಲು ಕತ್ತಿ ಬೇಕಿರಲಿಲ್ಲ. ತಗಡಿನ ಛಾವಣಿ, ತಗಡಿನ ಗೋಡೆ, ಒಂದೂ ಕಿಟಕಿಯಿಲ್ಲ; ವೈಶಾಖದಲ್ಲಿ ಎರಡು ಮಧ್ಯಾಹ್ನ ಸಾಕು. ರಾಚಯ್ಯ ಒಂದನ್ನು ಕಳೆದಿದ್ದ. ಮರುದಿನ ಬೆಳಿಗ್ಗೆ ಡಂಗುರ ಸಾರಿದರು:

"ಕೇಳ್ರಪ್ಪೋ ಕೇಳ್ರಿ! ದೊರೆ ಧರಣೇಂದ್ರರಾಯರು ಮೂರು ಒಗಟು ಹಾಕ್ಯಾರ! ಮೂರೂ ಒಡೆದವರಿಗೆ ಅರ್ಧ ರಾಜ್ಯ! ಒಂದು ತಪ್ಪಿದರೂ ತಗಡಿನ ಕೋಣೆ!"

ರಾಚಯ್ಯನ ಮಗಳು ನೀಲವ್ವ ಏಣಿ ಹೊತ್ತು ಓಡಿದಳು. ಆರು ವರ್ಷದಿಂದ ಅಪ್ಪನ ಜೊತೆ ಆ ಏಣಿ ಹೊತ್ತವಳು ಅವಳೇ. ಒಗಟು ಯಾಕೆಂಬುದು ಅವಳಿಗೆ ದಾರಿಯಲ್ಲೇ ಹೊಳೆಯಿತು. ದೊರೆಯ ಏಸಿ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಲು ಅರಮನೆಗೆ ನಾಚಿಕೆ. ಉತ್ತರ ಅವರಿಗೂ ಗೊತ್ತಿಲ್ಲ. ಏಸಿ ಓಡಿದರೆ ಉತ್ತರ ಸರಿ, ಇಲ್ಲವಾದರೆ ಹೇಳಿದವನ ಜೀವ ಹೋಯಿತು.

ಅಂಗಳದಾಚೆಯ ತಗಡಿನ ಕೋಣೆಯಿಂದ ಟಣ್, ಟಣ್ ಎಂದು ಸದ್ದು ಬರುತ್ತಿತ್ತು. ಅಪ್ಪ ನಟ್ಟು ಬಿಗಿಯುವ ಪಾನಾದಿಂದ ತಗಡು ಬಡಿಯುತ್ತಿದ್ದ. ಸದ್ದು ಇರುವ ತನಕ ಅಪ್ಪ ಇದ್ದಾನೆ.

ಸಭೆಯಲ್ಲಿ ಎಲ್ಲರೂ ಕೈಗೆ ಸಿಕ್ಕಿದ್ದರಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಅವಳಿಗಿಂತ ಮುಂದೆ ಇಬ್ಬರಿದ್ದರು. ಮಂತ್ರಿ ಮೊದಲ ಒಗಟು ಹೇಳಿದ: "ಅವನ ಎದೆಯಲ್ಲಿ ಹಿಮ ಗಟ್ಟಿದೆ. ಆದರೂ ಅವನ ಮುಂದೆ ಕೂತವರು ಬೆವರುತ್ತಾರೆ. ಯಾಕೆ?"

"ಗ್ಯಾಸ್ ಹೋಗಿದೆ, ಮಹಾಸ್ವಾಮಿ," ಎಂದ ಆಸ್ಥಾನದ ಯಂತ್ರಪಂಡಿತ. "ತುಂಬಿಸಬೇಕು."

"ಹೋದ ತಿಂಗಳು ಎರಡು ಸಲ ತುಂಬಿಸಿದಿರಿ! ಹಿಮ ಹಾಗೇ ಇದೆ!" ದೊರೆ ಕಿರುಚಿದ. ಭಟರು ಪಂಡಿತನನ್ನು ಎಳೆದೊಯ್ದರು.

ಏಸಿ ಮಾರಿದ ವರ್ತಕ ಕೈಮುಗಿದ. "ಇದನ್ನು ಬಿಸಾಕಿ, ಪ್ರಭು. ಹೊಸದು ತಂದಿದ್ದೇನೆ."

"ಮಾರುವಾಗ ಇಪ್ಪತ್ತು ವರ್ಷ ಬಾಳುತ್ತದೆ ಅಂದಿದ್ದೆಯಲ್ಲೋ!" ಅವನೂ ಹೋದ. ಚಿಲಕ ಬಿದ್ದ ಸದ್ದು ಕೇಳಿಸಿತು. ಟಣ್. ನೀಲವ್ವ ಎಣಿಸಿದಳು. ಮುಂದಿನ ಟಣ್ ಬರಲು ಮೊದಲಿಗಿಂತ ಹೊತ್ತು ಹಿಡಿಯಿತು.

"ನೀನ್ಯಾರು?" ಎಂದ ಮಂತ್ರಿ. "ಏಣಿಯವಳಿಗೆ ರಾಜ್ಯ ಬೇಕೇ?"

"ಸ್ವಿಚ್ ಮೊದಲ ಆರಸ್ರಿ," ಎಂದಳು ನೀಲವ್ವ.

ಏಣಿ ಹತ್ತಿ ಮುಚ್ಚಳ ತೆಗೆದಳು. ಫಿಲ್ಟರ್ ಹೊರಗೆ ಬಂದಾಗ ಅದು ಫಿಲ್ಟರೋ ಕಂಬಳಿಯೋ ತಿಳಿಯಲಿಲ್ಲ. ಮೂರು ವರ್ಷದ ಧೂಳಿಗೆ ಲೋಬಾನದ ಹೊಗೆ ಮೆತ್ತಿಕೊಂಡಿತ್ತು. "ಗಾಳಿ ಬರಾಕ ದಾರಿ ಇಲ್ರಿ. ತಂಪು ಒಳಗ ಸಿಕ್ಕೊಂಡು ಹಿಮ ಆಗೇತಿ. ಗ್ಯಾಸ್ ಕಡಿಮಿ ಆದ್ರೂ ಹಿಮ ಕಟ್ಟತೈತಿ, ಖರೆ. ಆದ್ರ ಮೊದಲ ಇದನ್ನ ನೋಡಬೇಕಿತ್ತು."

ಫಿಲ್ಟರ್ ತೊಳೆದು, ಹಿಮ ಕರಗಿದ ಮೇಲೆ ಸ್ವಿಚ್ ಹಾಕಿದರು. ತಣ್ಣನೆಯ ಗಾಳಿ ಬೀಸಿತು. ಸಭೆ ಉಸಿರು ಬಿಟ್ಟಿತು. ಐದು ನಿಮಿಷಕ್ಕೆ ಏಸಿ ಮತ್ತೆ ನಿಂತಿತು.

"ಅದು ಮೂರನೆಯ ಒಗಟು," ಎಂದು ಮಂತ್ರಿ ಗಡಿಬಿಡಿಯಿಂದ ಹೇಳಿದ. "ಎರಡನೆಯದು ಕೇಳು. ಆಕಾಶದಲ್ಲಿ ಮೋಡವಿಲ್ಲ, ಛಾವಣಿಯಲ್ಲಿ ಬಿರುಕಿಲ್ಲ. ಆದರೂ ರಾಣಿಯ ಕೋಣೆಯ ಗೋಡೆ ದಿನವೂ ಅಳುತ್ತದೆ. ಯಾಕೆ?"

ಅವಳು ಹಿತ್ತಿಲಿಗೆ ಓಡಿದಳು. ಏಸಿಯ ನೀರನ್ನು ರಾಣಿಯ ಕೋಣೆಯ ಗೋಡೆಯೊಳಗಿಂದ ಹೊರಗೆ ಬಿಡುವ ಪೈಪಿನ ತುದಿಯನ್ನು ದಾಸಿಯರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದರು. ತುಳಸಿಗೆ ನೀರು ಹಿಡಿಯಲು. "ಬಾಯಿ ನೀರಾಗ ಮುಳುಗಿದ್ರ ಹ್ಯಾಂಗ ಉಗುಳಬೇಕ್ರಿ ಅದು? ವಾಪಸ್ ಗ್ವಾಡಿಗೆ ಇಳೀತೈತಿ." ತುದಿಯನ್ನು ಬಕೆಟ್ಟಿನಿಂದ ಹೊರಗೆಳೆದು ಇಳಿಬಿಟ್ಟಳು. ಪೈಪು ಗುಳುಗುಳು ಎಂದು ಕಕ್ಕಿತು.

ಹೊತ್ತು ನೆತ್ತಿಗೆ ಬಂದಿತ್ತು.

"ಕೊನೆಯದು," ಎಂದ ಮಂತ್ರಿ. "ಐದು ನಿಮಿಷ ದುಡಿಯುತ್ತಾನೆ, ಮೈ ಕಾದು ಮೂರ್ಛೆ ಹೋಗುತ್ತಾನೆ. ಏಳುತ್ತಾನೆ, ಮತ್ತೆ ಬೀಳುತ್ತಾನೆ. ಅವನಿಗೆ ಯಾವ ಕೊರತೆಯೂ ಇಲ್ಲ. ದೊರೆಯೇ ಕೈಯಾರೆ ಗೌರವಿಸಿದ್ದಾರೆ. ಆದರೂ ಯಾಕೆ?"

ನೀಲವ್ವನಿಗೆ ಹೊಳೆಯಲಿಲ್ಲ. ಕಿವಿಗೊಟ್ಟಳು. ಟಣ್ ಇಲ್ಲ. ಮತ್ತೆ ಕಿವಿಗೊಟ್ಟಳು. ಇಲ್ಲ.

ಎದುರಿಗೆ ದೊರೆ ಭುಜದ ಮೇಲೆ ಜರಿ ಶಾಲು ಹೊದ್ದು ದಳದಳ ಬೆವರುತ್ತಿದ್ದ.

ಗೌರವ!

"ಮಾಳಿಗಿ ಹತ್ರಿ!" ಎಂದು ಕೂಗಿ ಅವಳು ಮೆಟ್ಟಿಲಿಗೆ ಹಾರಿದಳು. ಮಾಳಿಗೆಯ ಮೇಲೆ ಏಸಿಯ ಔಟ್‌ಡೋರ್ ಡಬ್ಬಿ ಕೂತಿತ್ತು: ತಲೆಗೆ ಪೇಟ, ಕೊರಳಿಗೆ ಗಂಧದ ಹಾರ, ಮೈತುಂಬ ಶಾಲು. ಈ ಯುಗಾದಿಯಂದು ದೊರೆ ಏಸಿಗೆ ಮಾಡಿದ ಸನ್ಮಾನ.

"ಒಳಗಿನ ಧಗಿ ಹೊರಗ ಹಾಕೋ ಡಬ್ಬಿ ಇದು. ಇದಕ್ಕ ಶಾಲು ಸುತ್ತೀರಿ! ಕಾಯ್ತೈತಿ, ಬಂದ್ ಬೀಳತೈತಿ."

"ದೊರೆ ಹೊದಿಸಿದ್ದನ್ನು ತೆಗೆಯುವುದು ಅಪಮಾನ," ಎಂದ ಮಂತ್ರಿ.

ನೀಲವ್ವ ಶಾಲು ಕಿತ್ತೆಸೆದು ಸಭೆಗೆ ಇಳಿದಳು. ಐದು ನಿಮಿಷ ಕಳೆಯಿತು. ಹತ್ತು ಕಳೆಯಿತು. ಏಸಿ ಓಡುತ್ತಲೇ ಇತ್ತು.

"ಅರ್ಧ ರಾಜ್ಯ ನಿನ್ನದು," ಎಂದ ದೊರೆ, ತಂಪಿಗೆ ಕಣ್ಣು ಮುಚ್ಚಿ.

"ಕೀಲಿ ಕೊಡ್ರಿ!"

ಬಾಗಿಲು ತೆಗೆದಾಗ ಮೂವರೂ ನೆಲಕ್ಕೆ ಒರಗಿದ್ದರು. ಅವಳು ಅಪ್ಪನ ತುಟಿಗೆ ನೀರು ಹನಿಸಿದಳು. ಬಹಳ ಹೊತ್ತಿನ ಮೇಲೆ ರಾಚಯ್ಯ ಕಣ್ಣು ಬಿಟ್ಟ.

"ಶಾಲು ತೆಗದ್ಯಾ, ಯವ್ವಾ?"

"ನಿನಗ ಗೊತ್ತಿತ್ತಾ, ಯಪ್ಪಾ?"

"ಹೊದಿಸಿದ ದಿನಾನ ಬ್ಯಾಡ್ರಿ ಅಂದೆ. ಯಾರೂ ಕೇಳಲಿಲ್ಲ."

ತಗಡಿನ ಕೋಣೆ ನೀಲವ್ವನ ಅರ್ಧಕ್ಕೆ ಸೇರಿತು. ಪಂಡಿತನೂ ವರ್ತಕನೂ ಎದ್ದು ನಡೆದ ಮೇಲೆ ಅವಳು ಅದರ ಒಂದೊಂದು ತಗಡನ್ನೂ ಕೀಳಿಸಿದಳು.

ಈಗ ನೀವು ಎದ್ದೇಳಿ. ಸ್ವಿಚ್ ಆರಿಸಿ ಫಿಲ್ಟರ್ ತೊಳೆಯಿರಿ. ಪೈಪಿನ ತುದಿ ನೋಡಿ. ಔಟ್‌ಡೋರ್ ಮೇಲೆ ನೀವು ಹೊದಿಸಿದ್ದನ್ನು ನೀವೇ ತೆಗೆಯಿರಿ. ಆಮೇಲೂ ಓಡದಿದ್ದರೆ ಮೆಕ್ಯಾನಿಕ್ಕನನ್ನು ಕರೆಯಿರಿ. ಅವನನ್ನು ಕಳ್ಳನೆನ್ನುವ ಮೊದಲು, ಅವನ ಮಾತನ್ನು ಕೊನೆಯ ತನಕ ಕೇಳಿ.