ಯಾರೂ ಮುಗಿಸದ ಬಿಸಿನೀರು

"ಗುರುಗಳೇ, ನನ್ನಿಂದ ಒಂದು ತಪ್ಪಾಯಿತು," ಎಂದ ಶಿಷ್ಯ. "ಮಠದ ಅಡುಗೆಮನೆಯಲ್ಲಿ ದಿನವೂ ಹಾಲು ಕಡಿಮೆಯಾಗುತ್ತಿತ್ತು. ಅಡುಗೆಯವನೇ ಕುಡಿಯುತ್ತಾನೆಂದು ಊಟದ ಪಂಕ್ತಿಯಲ್ಲಿ ಎಲ್ಲರ ಎದುರು ಅಂದುಬಿಟ್ಟೆ. ಆಮೇಲೆ ನೋಡಿದರೆ ಕುಡಿಯುತ್ತಿದ್ದದ್ದು ಬೆಕ್ಕು. ಆವತ್ತೇ ಕಿಟಕಿಗೆ ಜಾಲರಿ ಹೊಡೆಸಿದೆ. ಈಗ ಹಾಲು ಕಡಿಮೆಯಾಗುವುದಿಲ್ಲ. ಆದರೂ ಅವನು ಬಡಿಸಲು ಬಂದಾಗ ನಾಚಿಕೆಯಿಂದ ತಲೆ ಎತ್ತಲಾಗುವುದಿಲ್ಲ. ತಪ್ಪು ಸರಿಪಡಿಸಿದ ಮೇಲೂ ಹೀಗೇಕೆ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಅಕ್ಕ, ಗಂಡ ತೀರಿಕೊಂಡ ಮೇಲೆ, ಅವನ ಮನೆಯಲ್ಲೇ ಇದ್ದಳು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಪೂಜೆಗೆ ಅಣಿಮಾಡುವುದು ಅವಳ ಕೆಲಸ. ಆದ್ದರಿಂದ ಬೆಳಿಗ್ಗೆ ಮೊದಲ ಸ್ನಾನ ಅವಳದು, ಆಮೇಲೆ ವ್ಯಾಪಾರಿಯದು, ಅವನ ನಂತರ ಹೆಂಡತಿ ಮಕ್ಕಳದು.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಆ ಮನೆಯಲ್ಲಿ ಬಿಸಿನೀರು ಸಾಲದಾಯಿತು. ಅಕ್ಕನ ಸ್ನಾನ ಮುಗಿದ ಮೇಲೆ ವ್ಯಾಪಾರಿ ನಲ್ಲಿ ತಿರುಗಿಸಿದರೆ ಬರುತ್ತಿದ್ದದ್ದು ತಣ್ಣೀರು. ಗೀಸರನ್ನು ಅಂಗಡಿ ಅಂಗಡಿ ಅಲೆದು ಆರಿಸಿ ತಂದವನು ಅವನೇ. ಹೆತ್ತವರಿಗೆ ಹೆಗ್ಗಣ ಮುದ್ದು. ಅದು ಕೆಟ್ಟಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಅಕ್ಕನದೇ ತಪ್ಪೆಂದು ಮಾತ್ರ ತಕ್ಷಣ ಹೊಳೆಯಿತು.

ಒಂದು ದಿನ ತಿಂಡಿಯ ಹೊತ್ತಿನಲ್ಲಿ, ಹೆಂಡತಿ ಮಕ್ಕಳ ಮುಂದೆಯೇ ಅವನೆಂದ: "ಅಕ್ಕ, ನೀರು ಹುಯ್ದುಕೊಳ್ಳೋದಕ್ಕೂ ಒಂದು ಮಿತಿ ಬೇಡವಾ? ಮನೇಲಿ ಬೇರೆಯವರೂ ಇದ್ದಾರೆ ಅನ್ನೋ ಜ್ಞಾನ ಇರಲಿ."

ಮಕ್ಕಳು ಅಕ್ಕನ ಮುಖವನ್ನೇ ನೋಡುತ್ತಿದ್ದರು. ಅವಳು ಅರ್ಧ ತಿಂದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ವ್ಯಾಪಾರಿಗೆ ಕಾಲು ಬಕೆಟ್ ಬಿಸಿನೀರು ಸಿಕ್ಕಿತು. ಮಾತು ನಾಟಿದೆ ಎಂದು ಬೀಗಿದ. ಉಳಿದ ಮುಕ್ಕಾಲು ಬಕೆಟ್ ತಣ್ಣಗೇ ಬಂದಾಗ, ಇನ್ನೂ ಸ್ವಲ್ಪ ಹೇಳಬೇಕಾಗಿತ್ತು ಎಂದುಕೊಂಡ.

ದೀಪಾವಳಿ ಹತ್ತಿರ ಬಂತು. ಅಷ್ಟರಲ್ಲಿ ಅಕ್ಕ ಒಂದು ನಾಮಕರಣಕ್ಕೆಂದು ನೆಂಟರ ಊರಿಗೆ ಹೋದಳು. ಅವಳಿಲ್ಲದ ದಿನಗಳಲ್ಲೂ ಅದೇ ಕಾಲು ಬಕೆಟ್ ಬಿಸಿ, ಆಮೇಲೆ ತಣ್ಣೀರು. ಈಗ ಬೈಯಲು ಯಾರೂ ಇರಲಿಲ್ಲ. ವ್ಯಾಪಾರಿ ಗೀಸರ್ ರಿಪೇರಿಯವನನ್ನು ಕರೆಸಿದ.

ಬಂದವನು ನಲ್ಲಿಯಲ್ಲಿ ತಣ್ಣೀರು ಬರುವವರೆಗೂ ನೀರು ಹರಿಸಿದ. ಬಳಿಕ ಕರೆಂಟನ್ನೂ ಮೇಲಿಂದ ಬರುವ ನೀರನ್ನೂ ನಿಲ್ಲಿಸಿ, ಗೀಸರಿನೊಳಗೆ ಉಳಿದದ್ದನ್ನು ಬಕೆಟ್ಟಿಗೆ ಬಿಟ್ಟ. ಬಿದ್ದದ್ದು ಹಬೆಯಾಡುವ ನೀರು.

"ನೋಡಿ ಸ್ವಾಮಿ, ಬಿಸಿನೀರು ಒಳಗೇ ಇದೆ. ಗೀಸರಿನ ಮೇಲ್ಭಾಗದ ಬಿಸಿನೀರನ್ನ ನಲ್ಲಿಗೆ ಇಳಿಸೋ ಕೊಳವೆ ಬುಡದಲ್ಲೇ ಮುರಿದಿದೆ. ಹೊಸದಾಗಿ ಬರೋ ತಣ್ಣೀರೇ ಕೆಳಗಿಂದ ಹೊರಗೆ ಹೋಗ್ತಿದೆ. ಬಿಸಿನೀರನ್ನ ಯಾರೂ ಮುಗಿಸಿಲ್ಲ."

ವ್ಯಾಪಾರಿಯ ಮುಖಕ್ಕೆ ಹೊಡೆದಂತಾಯಿತು. ಕೊಳವೆ ಬದಲಾಯಿತು. ಮನೆಗೆಲ್ಲ ಸಾಕಾಗುವಷ್ಟು ಬಿಸಿನೀರು ಬಂತು. ಅಕ್ಕ ಬಂದ ಕೂಡಲೇ ತಪ್ಪಾಯಿತೆಂದು ಹೇಳಲು ಅವನು ಮಾತು ಕೂಡಿಸಿಕೊಂಡ. ಅಕ್ಕ ಬಂದಳು, ನೀರು ತುಂಬುವ ಹಬ್ಬದ ಕೆಲಸದಲ್ಲಿ ತೊಡಗಿದಳು. ಹೇಳಲು ನಾಚಿಕೆಯಾಯಿತು. ಗೀಸರ್ ಸರಿಯಾಗಿದೆ, ಅವಳಿಗೇ ತಿಳಿಯುತ್ತದೆ ಎಂದು ಸುಮ್ಮನಾದ.

ನರಕ ಚತುರ್ದಶಿಯ ಬೆಳಿಗ್ಗೆ ಹಿರಿಯಳು ಮೊದಲು ಮಿಂದು, ಉಳಿದವರ ತಲೆಗೆ ಎಣ್ಣೆಯೊತ್ತುವುದು ಆ ಮನೆಯ ವಾಡಿಕೆ. ವ್ಯಾಪಾರಿ ಮಣೆಯ ಮೇಲೆ ಕುಳಿತ. ಅಕ್ಕ ಎಣ್ಣೆ ಬಟ್ಟಲು ಹಿಡಿದು ಬಂದು, ನೂರು ಕಾಲ ಬಾಳು ಎಂದು ಹರಸಿ, ಅವನ ನೆತ್ತಿಯ ಮೇಲೆ ಅಂಗೈ ಇಟ್ಟಳು. ಈಗಷ್ಟೇ ಮಿಂದು ಬಂದವಳ ಅಂಗೈ ತಣ್ಣಗೆ ಕೊರೆಯುತ್ತಿತ್ತು. ತಾನು ಆ ಮಾತು ಆಡಿದ ದಿನದಿಂದ ಅವಳು ಬಿಸಿನೀರಿನ ನಲ್ಲಿಯನ್ನೇ ಮುಟ್ಟಿಲ್ಲವೆಂದು ಅವನಿಗೆ ಆಗ ತಿಳಿಯಿತು. ಹಬ್ಬದ ದಿನವೂ ಮುಟ್ಟಿರಲಿಲ್ಲ.

ಕೂಡಿಸಿಟ್ಟಿದ್ದ ಮಾತನ್ನು ಆಡಲು ಹೊರಟ. ಬಾಯಿಗೆ ಬಂದದ್ದು ಬೇರೆ ಮಾತು.

"ಅಕ್ಕ, ಗೀಸರ್ ರಿಪೇರಿಯಾಗಿದೆ."

"ಒಳ್ಳೇದಾಯ್ತು ಕಣಪ್ಪ," ಎಂದಳು ಅಕ್ಕ. "ಇನ್ನು ನಿಮಗೆಲ್ಲ ಸಾಕಾಗತ್ತೆ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಕೊನೆಗಾದರೂ ಅವನು ಕ್ಷಮೆ ಕೇಳಿದನೇ?" ಎಂದ.

ಗುರುಗಳೆಂದರು: "ಅವನ ಮಾತಿರಲಿ, ಬೆಕ್ಕಿಗೆ ನೀನು ಜಾಲರಿ ಹೊಡೆಸಿದೆ, ಅಡುಗೆಯವನಿಗೆ ಏನು ಹೇಳಿದೆ?"