ಅಂಗಡಿಯ ನಾಲ್ಕು ಗೆರೆ

ಲಾರಿ ಓಡಿಸುವ ದ್ಯಾಮಣ್ಣನ ಫೋನಿನಲ್ಲಿ ಸಿಮ್ಮಿಗೆ ಇದ್ದದ್ದು ಒಂದೇ ಜಾಗ. ಒಂದು ದಿನ ಹುಬ್ಬಳ್ಳಿಯ ಅಂಗಡಿಯಲ್ಲಿ ಹಳೆಯ ಸಿಮ್ಮು ಮೇಜಿಗಿಳಿದು, ಹೊಸ ಸಿಮ್ಮೊಂದು ಅಲ್ಲಿ ಕೂತು, ಸಿಗ್ನಲ್ಲಿನ ನಾಲ್ಕೂ ಗೆರೆ ತುಂಬಿಸಿ, "ನಿಮ್ಮ ಮುದುಕಪ್ಪ ಎಂದಾದರೂ ಹೀಗೆ ತೋರಿಸಿದ್ದಾನೆಯೇ?" ಎಂದು ಫೋನನ್ನು ಕೇಳಿತು.

ಹಳೆಯ ಸಿಮ್ಮು ಫೋನಿಗೆ ಹೇಳಿತು: "ತಮ್ಮಾ, ನಮ್ಮ ತಿರುಗಾಟವೆಲ್ಲ ಘಾಟಿಯಲ್ಲಿ. ಅಲ್ಲಿ ನನಗೆ ಸಿಗುವುದು ಒಂದೇ ಗೆರೆ, ಆದರೆ ಸಿಗುತ್ತದೆ. ಇವನನ್ನು ಅಲ್ಲಿಗೊಮ್ಮೆ ಒಯ್ದು ನೋಡು."

"ಒಂದು ಗೆರೆಗೇ ಇಷ್ಟು ಜಂಬವೇ, ಮಾರಾಯ?" ಎಂದು ಫೋನು ನಕ್ಕಿತು. ದ್ಯಾಮಣ್ಣನಿಗೂ ಹೊಸದೇ ಹಿಡಿಸಿತು. ಹಳೆಯದು ತನ್ನ ನಂಬರನ್ನೂ ಹೊಸದಕ್ಕೆ ಬಿಟ್ಟುಕೊಟ್ಟು, ಲಾರಿಯಲ್ಲಿದ್ದ ಖಾಲಿ ಬೆಂಕಿಪೊಟ್ಟಣ ಸೇರಿತು.

ಆ ವಾರವೇ ಘಾಟಿಯಲ್ಲಿ ಮಣ್ಣು ಕುಸಿದು ಲಾರಿ ಎರಡು ದಿನ ನಿಂತುಬಿಟ್ಟಿತು. ಹೊಸ ಸಿಮ್ಮಿಗೆ ಅರ್ಧ ಗೆರೆಯೂ ಸಿಗಲಿಲ್ಲ.

"ಈ ತಿರುವಿನಲ್ಲೇ ನಾನು ದ್ಯಾಮಣ್ಣನಿಗೆ ಅವನ ಅವ್ವನ ಕರೆ ತಂದುಕೊಡುತ್ತಿದ್ದೆ" ಎಂದಿತು ಬೆಂಕಿಪೊಟ್ಟಣದೊಳಗಿನ ಹಳೆಯದು.

ಘಾಟಿ ಇಳಿದು ಪೇಟೆ ಬಂದದ್ದೇ ತಡ, ಹೊಸ ಸಿಮ್ಮು ನಾಲ್ಕೂ ಗೆರೆ ಎತ್ತಿ, "ಒಂಬತ್ತು ಮೆಸೇಜು ಒಂದೇ ಉಸಿರಿಗೆ ತಂದೆ, ನೋಡಿದೆಯಾ?" ಎಂದು ಬೀಗಿತು.

ಒಂಬತ್ತೂ ದ್ಯಾಮಣ್ಣನ ತಂಗಿಯವು. ಮೊದಲನೆಯದು: "ಅವ್ವಗ ಭಾಳ ಆರಾಮಿಲ್ಲ. ನಿನ್ನ ದನಿ ಕೇಳಬೇಕಂತಾಳ, ಫೋನ್ ಮಾಡಣ್ಣ."

ಕೊನೆಯದನ್ನೂ ಫೋನು ಅವನಿಗೆ ತೋರಿಸಲೇಬೇಕಾಯಿತು: "ಇನ್ನ ಫೋನ್ ಮಾಡಬ್ಯಾಡ. ಬಂದುಬಿಡು."